ಅರಸು (ಮನೆತನದ ಹೆಸರು)

ಮೈಸೂರು ಸೀಮೆಯ ಹಳೆಯ ರಾಜಬಂಧು ಮನೆತನಗಳವರು ಹೆಸರಿನ ಕೊನೆಗೆ ಸೇರಿಸಿಕೊಳ್ಳುವ ಹೆಸರು. ಅರಸ್, ರಾಜೇ ಅರಸ್ ಎಂದೂ ಬರೆಯುವುದುಂಟು. ಪದಕ್ಕೆ ದೊರೆ ಎಂದೇ ಅರ್ಥ. ಆದರೆ ಸಿಂಹಾಸನವೇರಿದವರು ಒಡೆಯರು. ಅರಸುಗಳು ಆ ಮನೆಗೆ ಹೆಣ್ಣು ಕೊಟ್ಟವರು, ದಂಡು ನಡೆಸಿದವರು, ಪಟ್ಟಕ್ಕೆ ಮಕ್ಕಳಿಲ್ಲದಾಗ ಮಗನನ್ನೂ ಕೊಟ್ಟವರು. ಹೆಸರು ಒಂದಾದರೂ ಮನೆ ಒಂದಲ್ಲ; ಕಳಲೆ, ಬೆಟ್ಟದಕೋಟೆ ಎಂದು ಊರಿನಿಂದ ಮನೆತನವನ್ನು ಗುರುತಿಸಬೇಕು. ಹೆಂಗಸರ ಹೆಸರಿಗೆ ಹಿಂದೆ ಅರಸು ಸೇರದೆ ಅಮ್ಮಣ್ಣಿ ಸೇರುತ್ತಿದ್ದುದರಿಂದ ಇಂಥ ಬರಹಗಳಲ್ಲಿ ಅವರು ಬಿಟ್ಟುಹೋಗುತ್ತಾರೆ. ಅದು ಅನ್ಯಾಯ.

ನಂಜನಗೂಡು–ತಿ. ನರಸೀಪುರ ಸೀಮೆಗೆ ಈ ಹೆಸರಿನ ನಂಟು ಮುಖ್ಯವಾಗಿ ಕಳಲೆಯ ಮೂಲಕ. ನಂಜನಗೂಡಿಗೆ ಹತ್ತಿರದ ಈ ಊರಿನ ಮನೆತನ ಮೈಸೂರಿಗೆ ದಳವಾಯಿಗಳನ್ನು ಕೊಟ್ಟಿತು. ಅವರ ಹೆಸರು ಆಗ ‘ರಾಜಯ್ಯ’ ಎಂದು ಮುಗಿಯುತ್ತಿತ್ತು. 1734ರಲ್ಲಿ ದಳವಾಯಿ ದೇವರಾಜಯ್ಯ ಮತ್ತು ಅವನ ಕಡೆಯವರು ಚಾಮರಾಜ ಒಡೆಯರನ್ನೇ ಪಟ್ಟದಿಂದಿಳಿಸಿ ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟರು. ದೇವರಾಜಯ್ಯನ ತಮ್ಮ ಕರಾಚೂರಿ ನಂಜರಾಜಯ್ಯ ಸರ್ವಾಧಿಕಾರಿಯಾಗಿ, ಇಮ್ಮಡಿ ಕೃಷ್ಣರಾಜ ಒಡೆಯರಿಗೆ ಮಗಳನ್ನು ಕೊಟ್ಟು, ರಾಜ್ಯವನ್ನು ಅಂಗೈಯಲ್ಲಿಟ್ಟುಕೊಂಡ. ತಿರುಚಿರಾಪಳ್ಳಿಯ ಆಸೆಗೆ ವರ್ಷಗಟ್ಟಲೆ ದಂಡು ಹೂಡಿ ಬೊಕ್ಕಸ ಬರಿದು ಮಾಡಿದ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೈದರ್ ಅಲಿಯನ್ನು ಗುರುತಿಸಿ ಮೇಲೆತ್ತಿದವನೂ ಇವನೇ; 1761ರ ಹೊತ್ತಿಗೆ ರಾಜ್ಯ ಹೈದರನದಾಯಿತು, 1773ರಲ್ಲಿ ನಂಜರಾಜಯ್ಯ ಅವನ ಸೆರೆಯಲ್ಲೇ ಸತ್ತ. ಆದರೂ ಸೋಲುಗಳಿಂದಷ್ಟೇ ಈತನನ್ನು ಅಳೆಯಲಾಗದು. ಸಂಸ್ಕೃತದಲ್ಲಿ ‘ಸಂಗೀತಗಂಗಾಧರ’, ಕನ್ನಡದಲ್ಲಿ ‘ಕಕುದ್ಗಿರಿ ಮಾಹಾತ್ಮ್ಯ’ ಬರೆದ ಶಿವಭಕ್ತ ಈತ. ನೃಸಿಂಹಕವಿಯ ಅಲಂಕಾರಗ್ರಂಥ ‘ನಂಜರಾಜಯಶೋಭೂಷಣ’ ಇವನ ಹೆಸರಿನಲ್ಲೇ ಇದೆ.

ದಳವಾಯಿಗಳು ಹೋದ ಮೇಲೂ ಕಳಲೆಯ ನಂಟು ಹರಿಯಲಿಲ್ಲ. ಅದೇ ಮನೆತನದ ಕೆಂಪನಂಜಮ್ಮಣ್ಣಿ (ವಾಣಿವಿಲಾಸ) ಗಂಡ ಹತ್ತನೆಯ ಚಾಮರಾಜ ಒಡೆಯರನ್ನು ಕಳೆದುಕೊಂಡು, ಮಗ ಪ್ರಾಯಕ್ಕೆ ಬರುವ ತನಕ, 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿ ಆಳಿದರು. ಪ್ಲೇಗು ಬಂದ ವರ್ಷಗಳವು. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟಿನ ಕೆಲಸ ಶುರುವಾದದ್ದು, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು ಇವರ ಕಾಲದಲ್ಲೇ. ಅರಸು ಮನೆಗಳಲ್ಲಿ ಹುಟ್ಟಿದವರ ಪೈಕಿ ರಾಜ್ಯವನ್ನು ಇಷ್ಟು ಹೊಣೆಯಿಂದ ನಡೆಸಿದವರು ವಿರಳ. ಇವರ ತಮ್ಮ ಸರ್ ಎಂ. ಕಾಂತರಾಜ ಅರಸು ವಿಶ್ವೇಶ್ವರಯ್ಯನವರ ನಂತರ, 1918ರಿಂದ 1922ರವರೆಗೆ ದಿವಾನರಾಗಿದ್ದರು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಬೇಕೆಂದ ಮಿಲ್ಲರ್ ಸಮಿತಿಯ ಶಿಫಾರಸುಗಳು ಆದೇಶವಾದದ್ದು ಆಗಲೇ, 1921ರಲ್ಲಿ.

ಅದೇ ದಾರಿಯನ್ನು ಅರ್ಧ ಶತಮಾನದ ಬಳಿಕ ಬಹಳ ಮುಂದಕ್ಕೆ ಒಯ್ದವರು ಇನ್ನೊಬ್ಬ ಅರಸು: ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ಡಿ. ದೇವರಾಜ ಅರಸು (1915–1982). 1972ರಲ್ಲಿ ಮುಖ್ಯಮಂತ್ರಿಯಾದ ವರ್ಷವೇ ಹಿಂದುಳಿದ ವರ್ಗಗಳ ಹಾವನೂರು ಆಯೋಗ ನೇಮಿಸಿದರು. ಅದರ ವರದಿ 1975ರಲ್ಲಿ ಬಂತು. 1974ರಲ್ಲಿ ಜಾರಿಯಾದ ಭೂಸುಧಾರಣೆಯಿಂದ ಗೇಣಿದಾರರು ಉಳುತ್ತಿದ್ದ ಹೊಲಕ್ಕೆ ಒಡೆಯರಾದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದದ್ದೂ ಇವರ ಆಡಳಿತದಲ್ಲಿ. ಇವರ ತಮ್ಮ ಕೆಂಪರಾಜ ಅರಸು ಸಿನಿಮಾ ನಟ, ನಿರ್ದೇಶಕ. ಅದೇ ಕಲ್ಲಹಳ್ಳಿಯಲ್ಲಿ 1916ರಲ್ಲಿ ಹುಟ್ಟಿದ ಸುಬ್ರಹ್ಮಣ್ಯರಾಜ ಅರಸು ಓದುಗರಿಗೆ ‘ಚದುರಂಗ’. ಅವರ ಕಾದಂಬರಿ ‘ವೈಶಾಖ’ಕ್ಕೆ 1982ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹುಟ್ಟಿನಿಂದ ಬಂದ ಈ ಹೆಸರನ್ನು ಬಿಟ್ಟು ಪಟ್ಟಕ್ಕೆ ಹೋದವರೂ ಇದ್ದಾರೆ. ಬೆಟ್ಟದಕೋಟೆಯ ಚಿಕ್ಕಕೃಷ್ಣರಾಜೇ ಅರಸರ ಮಗನನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡರು. ಆ ಹುಡುಗನೇ ಹತ್ತನೆಯ ಚಾಮರಾಜ ಒಡೆಯರು. ನೂರೈವತ್ತು ವರ್ಷಗಳ ನಂತರ, 2015ರಲ್ಲಿ, ಯದುವೀರ ಗೋಪಾಲರಾಜ ಅರಸು ಮೈಸೂರು ರಾಜಮನೆತನದ ಪ್ರಮೋದಾದೇವಿಯವರ ದತ್ತುಪುತ್ರರಾಗಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರೆನಿಸಿದರು. 2024ರಲ್ಲಿ ಮೈಸೂರು–ಕೊಡಗು ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದರು.