ನೆಯ್ವೇಲಿಯ ಮೇಲ್ಮಣ್ಣು: ಒಂದು ಶೋಧನೆಯ ಚರಿತ್ರೆ

ನೆಯ್ವೇಲಿಯ ಪ್ರಸ್ತಾಪ ಬಂದೊಡನೆ 1934ರ ಕಥೆಯನ್ನು ಹೇಳುವುದು ವಾಡಿಕೆಯಾಗಿದೆ. ಆಗಿನ ದಕ್ಷಿಣ ಆರ್ಕಾಟು ಜಿಲ್ಲೆಯಲ್ಲಿ ಜಂಬುಲಿಂಗ ಮೊದಲಿಯಾರರು ತಮ್ಮ ಜಮೀನಿನಲ್ಲಿ ಕೊಳವೆಬಾವಿಯನ್ನು ತೋಡಿಸುತ್ತಿದ್ದಾಗ, ತಾನಾಗಿ ಉಕ್ಕಿದ ನೀರಿನೊಡನೆ ಕಪ್ಪು ಚೂರುಗಳು ಮೇಲೆ ಬಂದವು. ಅವರು ಅದನ್ನು ಮದ್ರಾಸು ಸರ್ಕಾರದ ಗಮನಕ್ಕೆ ತಂದರು. ಕಥೆಯೇನೋ ನಿಜ. ಆದರೆ ಕೇಳುವವರ ಲಕ್ಷ್ಯವೆಲ್ಲ ಚೂರುಗಳ ಮೇಲೆ ನಿಲ್ಲುತ್ತದೆಯೇ ಹೊರತು ಅವನ್ನು ಹೊತ್ತು ತಂದ ನೀರಿನ ಮೇಲಲ್ಲ. ಆ ಕಂದು ಕಲ್ಲಿದ್ದಲು ಗಣಿಯಲ್ಲಿ ಕಣ್ಣಿಗೆ ಬಿದ್ದದ್ದು 1961ರ ಆಗಸ್ಟಿನಲ್ಲಿ. ನಡುವಿನ ಇಪ್ಪತ್ತೇಳು ವರ್ಷಗಳಲ್ಲಿ ಯುದ್ಧಕಾಲದ ಅಡಚಣೆ, ಹಣದ ಅಭಾವ ಇದ್ದುವೆಂಬುದು ದಿಟ. ಆದರೂ ಇದ್ದಲು ಇದೆಯೇ ಎಂಬ ಪ್ರಶ್ನೆಗಿಂತ ಅದರ ಮೇಲಿನ ಮಣ್ಣು ಎಂಥದು, ಕೆಳಗಿನ ನೀರು ಎಷ್ಟು ಎಂಬ ಪ್ರಶ್ನೆಗಳೇ ಹೆಚ್ಚು ಕಠಿನವಾಗಿದ್ದುವು.

ಕನ್ನಡಿಗರಾದ ನಮಗೆ ಗಣಿಯೆಂದರೆ ಕೋಲಾರವೇ ನೆನಪಾಗುವುದು ಸಹಜ. ಅಲ್ಲಿ ಪುರಾತನ ಶಿಲೆಯನ್ನು ಸೀಳಿಕೊಂಡು 3 ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿದ್ದರು. ಸುತ್ತಣ ಬಂಡೆಯೇ ಗಣಿಯ ಗೋಡೆಯಾಗಿತ್ತು. ನೆಯ್ವೇಲಿಯ ಭೂಮಿ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿರುವುದು ಮರಳು, ಜೇಡಿ, ಜಂಬಿಟ್ಟಿಗೆ ಮಣ್ಣು ಮತ್ತು ಕಡಲೂರು ಮರಳುಗಲ್ಲು. ಹತ್ತಾರು ಮೀಟರು ದಪ್ಪದ ಈ ಹೊದಿಕೆಯನ್ನು ತೆಗೆದುಹಾಕಿ, ಗುಂಡಿಯನ್ನು ಆಕಾಶಕ್ಕೆ ತೆರೆದಿಟ್ಟೇ ಇದ್ದಲನ್ನು ಎತ್ತಬೇಕು.

ಆದುದರಿಂದ ರಂಧ್ರ ಕೊರೆದು ಇದ್ದಲಿನ ದಪ್ಪವನ್ನು ಗುರುತು ಹಾಕಿಕೊಂಡರೆ ಸಾಲದು. ಪ್ರತಿಯೊಂದು ಪದರದಿಂದಲೂ ಮಣ್ಣಿನ ಮಾದರಿಯನ್ನು ತೆಗೆದು ಕಣಗಳನ್ನು ಜರಡಿ ಹಿಡಿಯಬೇಕು. ಜೇಡಿ ಎಷ್ಟು ನೀರು ಕುಡಿದರೆ ಮೆತ್ತಗಾಗುತ್ತದೆ, ಎಷ್ಟು ಒತ್ತಡಕ್ಕೆ ಜಾರುತ್ತದೆ ಎಂಬುದನ್ನು ಅಳೆಯಬೇಕು. ಗುಂಡಿಯ ಮಗ್ಗುಲನ್ನು ಎಷ್ಟು ಇಳಿಜಾರಾಗಿ ಕಡಿದರೆ ಅದು ಕುಸಿಯದೆ ನಿಂತೀತು ಎಂಬುದು ಈ ಅಳತೆಗಳಿಂದಲೇ ತಿಳಿಯತಕ್ಕದ್ದು. ಸಾಲ ಕೇಳಲು ಬಂದವನು ಪೆಟ್ಟಿಗೆಯೊಳಗಿನ ಒಡವೆಯನ್ನು ವರ್ಣಿಸುತ್ತಾನೆ. ಮುಚ್ಚಳವನ್ನು ತೆರೆಯಲು ತಗಲುವ ವೆಚ್ಚವನ್ನು ಕೇಳುವುದು ನಮ್ಮ ಬ್ಯಾಂಕಿನವರ ದುರಭ್ಯಾಸ. ಇಲ್ಲಿ ಮುಚ್ಚಳದ ವೆಚ್ಚವೇ ಇಡೀ ಲೆಕ್ಕವಾಗಿತ್ತು.

ನೀರಿನ ಸಂಗತಿ ಇನ್ನೂ ವಿಚಿತ್ರ. ಇದ್ದಲಿನ ಪದರದ ಕೆಳಗೆ ಅಡಕವಾಗಿರುವ ನೀರು ಚದರ ಸೆಂಟಿಮೀಟರಿಗೆ 6ರಿಂದ 8 ಕಿಲೋಗ್ರಾಮಿನಷ್ಟು ಒತ್ತಡದಿಂದ ಮೇಲ್ಮುಖವಾಗಿ ನೂಕುತ್ತಿರುತ್ತದೆ. ಮೇಲಿನ ಮಣ್ಣಿನ ಭಾರವೇ ಅದನ್ನು ಅದುಮಿ ಹಿಡಿದಿದೆ. ಭಾರವನ್ನು ತೆಗೆದರೆ ಗಣಿಯ ತಳವೇ ಉಬ್ಬಿ ಒಡೆದು ಗುಂಡಿ ಕೆರೆಯಾಗುವುದು ನಿಶ್ಚಯ. ಇದಕ್ಕೆ ಉಪಾಯ, ಅಗೆಯುವ ಮುನ್ನವೇ ಸುತ್ತಲೂ ಪಂಪುಗಳನ್ನು ಹೂಡಿ ಒತ್ತಡವನ್ನು ತಗ್ಗಿಸುವುದು. ಅದಕ್ಕೂ ಮೊದಲು ಒಂದು ಬಾವಿಯಿಂದ ಎಡೆಬಿಡದೆ ನೀರೆತ್ತಿ, ದೂರದ ಬಾವಿಗಳಲ್ಲಿ ಮಟ್ಟ ಎಷ್ಟು ಇಳಿಯಿತೆಂದು ಗುರುತಿಸಬೇಕು. ಈ ಪ್ರಶ್ನೆಗಳಿಗೆ ಉತ್ತರ ಹುಡುಕಲೆಂದೇ 1953ರಲ್ಲಿ ಒಂದು ಪ್ರಾಯೋಗಿಕ ಗುಂಡಿಯನ್ನು ತೋಡಲಾರಂಭಿಸಿದರು. ಬ್ರಿಟನ್ನಿನ ಪವೆಲ್ ಡಫ್ರಿನ್ ಸಂಸ್ಥೆಯ ತಜ್ಞರು ಯೋಜನಾ ವರದಿಯನ್ನು ಸಿದ್ಧಪಡಿಸಿದರು. 1956ರಲ್ಲಿ ನಿಗಮ ಸ್ಥಾಪಿತವಾಯಿತು. 1957ರ ಮೇ 20ರಂದು ಪ್ರಧಾನಿ ನೆಹರೂ ಗಣಿಯ ಕೆಲಸಕ್ಕೆ ಚಾಲನೆಯಿತ್ತರು.

ಇಷ್ಟೆಲ್ಲ ಪರೀಕ್ಷೆಯಾದರೂ ಮಣ್ಣು ತನ್ನ ಗುಣವನ್ನು ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಜರ್ಮನಿಯಿಂದ ಬಂದ ಬಕೆಟ್ ಚಕ್ರದ ಯಂತ್ರಗಳ ಹಲ್ಲುಗಳನ್ನು ಕಡಲೂರು ಮರಳುಗಲ್ಲು ಬಹುಬೇಗ ಸವೆಸಿತು. ಮದ್ದು ಸಿಡಿಸಿ ನೆಲವನ್ನು ಸಡಿಲಿಸಿಕೊಳ್ಳಬೇಕಾಯಿತು.

ಈ ಶೋಧನೆಯ ಶ್ರದ್ಧೆಯನ್ನು ಮೆಚ್ಚಲೇಬೇಕು. ಆದರೂ ಒಂದು ಮಾತು. ಅಲ್ಲಿ ಮಣ್ಣನ್ನು ಪರೀಕ್ಷಿಸಿದ್ದು ಅದನ್ನು ಹೇಗೆ ತೆಗೆಯಬಹುದೆಂದು ತಿಳಿಯಲು; ಅದು ಏನನ್ನು ಬೆಳೆಯುತ್ತದೆಂದು ತಿಳಿಯಲಲ್ಲ. ಎಂಜಿನಿಯರನ ಭಾಷೆಯಲ್ಲಿ ರೈತನ ಹೊಲವೂ ಅದರಡಿಯ ಬರಡು ಮರಳುಗಲ್ಲೂ ಒಂದೇ 'ಮೇಲ್ಹೊರೆ'. ಬುಡಮೇಲಾಗಿ ಸುರಿದ ಆ ರಾಶಿಯಲ್ಲಿ ಸಾರವಿಲ್ಲದೆ, ಗೊಬ್ಬರ ಹಾಕಿ ಗಿಡ ನೆಟ್ಟು ಹದಗೊಳಿಸುವ ಕೃಷಿವಿಜ್ಞಾನಿಗಳ ಕೆಲಸ ಬಹುಕಾಲದ ಮೇಲೆ ಮೊದಲಾಯಿತು. ನೆಯ್ವೇಲಿಯ ವಿದ್ಯುತ್ತಿನಲ್ಲಿ ಕರ್ನಾಟಕಕ್ಕೂ ಪಾಲಿದೆಯಾಗಿ ನಾವು ಇದನ್ನು ಪರರ ಸಂಗತಿಯೆಂದು ಬಿಡುವಂತಿಲ್ಲ. 2023ರ ಜುಲೈಯಲ್ಲಿ, ಗಣಿಗಾಗಿ ಕಾಲುವೆಯ ದಾರಿ ಬದಲಿಸುವ ಸಲುವಾಗಿ ವಳಯಮಾದೇವಿಯ ಗದ್ದೆಗಳಿಗೆ ಯಂತ್ರಗಳು ಇಳಿದಾಗ ಅಲ್ಲಿ ಬತ್ತದ ಪೈರು ನಿಂತಿತ್ತು. ಆ ವಿವಾದ ಮದ್ರಾಸು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿತು.