ಒಂದು ಸೋರ್ಸ್, ಹಲವು ಯಂತ್ರ: ಡೈರೆಕ್ಟರಿ ರಚನೆಯ ಚರಿತ್ರೆ

1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಬರೆದರು. ಸೋರ್ಸ್ ಫೈಲನ್ನು ಕೊನೆಯ ಸಲ ತಿದ್ದಿದ ಹೊತ್ತನ್ನೂ ಆಬ್ಜೆಕ್ಟ್ ಫೈಲು ಹುಟ್ಟಿದ ಹೊತ್ತನ್ನೂ ಹೋಲಿಸಿ, ಹಳತಾದುದನ್ನಷ್ಟೇ ಮತ್ತೆ ಕಂಪೈಲ್ ಮಾಡಿಸುವುದು ಅದರ ಕೆಲಸ. ಫೈಲು ಹುಟ್ಟಿದ್ದು ಯಾವ ಯಂತ್ರಕ್ಕಾಗಿ ಎಂದು ಅದು ಕೇಳುವುದಿಲ್ಲ. ಒಂದೊಂದು ಯಂತ್ರಕ್ಕೂ ತನ್ನದೇ ಡಿಸ್ಕ್, ತನ್ನದೇ ಪ್ರತಿ ಇದ್ದ ಕಾಲದಲ್ಲಿ ಕೇಳಬೇಕಾಗಿಯೂ ಇರಲಿಲ್ಲ.

ತೊಡಕು ಬಂದದ್ದು 1980ರ ದಶಕದ ನಡುವೆ, ಸನ್ ಕಂಪನಿಯ ಎನ್‌ಎಫ್‌ಎಸ್ ಎಂಬ ನೆಟ್‌ವರ್ಕ್ ಫೈಲ್ ವ್ಯವಸ್ಥೆ ಹರಡಿದಾಗ. ಸನ್ ಮತ್ತು ವ್ಯಾಕ್ಸ್ ಯಂತ್ರಗಳೆರಡೂ ನೆಟ್‌ವರ್ಕಿನ ಮೂಲಕ ಒಂದೇ ಡೈರೆಕ್ಟರಿಯನ್ನು ತೆರೆಯಬಲ್ಲವಾದವು. ವ್ಯಾಕ್ಸ್‌ನಲ್ಲಿ ಕಂಪೈಲ್ ಆದ ಆಬ್ಜೆಕ್ಟ್ ಫೈಲು ಅಲ್ಲೇ ಕುಳಿತಿದ್ದರೆ, ಸನ್‌ನಲ್ಲಿ ಓಡುವ ಮೇಕ್‌ಗೆ ಅದು ಹೊಸದಾಗಿಯೇ ಕಾಣುತ್ತಿತ್ತು. ಲಿಂಕರ್ ಅದನ್ನು ಮುಟ್ಟಿದಾಗಲಷ್ಟೇ ಬಣ್ಣ ಬಯಲು. ಎಕ್ಸ್ ವಿಂಡೋ ಬಳಗದ ‘ಎಲ್‌ಎನ್‌ಡಿಐಆರ್’ ಇದಕ್ಕೊಂದು ಉಪಾಯ: ಇಡೀ ಸೋರ್ಸ್ ಮರದ ನೆರಳಿನಂಥ ಇನ್ನೊಂದು ಮರವನ್ನು ಸಿಂಬಾಲಿಕ್ ಲಿಂಕುಗಳಿಂದಲೇ ಕಟ್ಟುವುದು, ಯಂತ್ರಕ್ಕೊಂದು ನೆರಳು. ಒರಟು ಉಪಾಯ, ಆದರೆ ಮೇಕ್‌ಫೈಲಿನ ಒಂದು ಸಾಲನ್ನೂ ಮುಟ್ಟದೆ ನಡೆಯುತ್ತಿತ್ತು. ಗ್ನೂ ಬಳಗ ಹಿಡಿದದ್ದು ಬೇರೆ ದಾರಿ. ಮೇಕ್‌ನ ‘ವಿಪಾತ್’ ಸೋರ್ಸ್ ಎಲ್ಲಿದೆಯೆಂದು ಹೇಳುತ್ತದೆ. ‘ಕಾನ್ಫಿಗರ್’ ಸ್ಕ್ರಿಪ್ಟನ್ನು ಓಡಿಸಿದ ಖಾಲಿ ಡೈರೆಕ್ಟರಿಯಲ್ಲಿ ಹುಟ್ಟುವಳಿಯೆಲ್ಲ ಬೀಳುತ್ತದೆ. ಸೋರ್ಸ್‌ನ ಹೊರಗೆ ಬಿಲ್ಡ್ ಮಾಡುವ ಇಂದಿನ ರೂಢಿ, ನನ್ನ ಎಣಿಕೆಯಲ್ಲಿ, ಅಚ್ಚುಕಟ್ಟುತನದ ಆದರ್ಶಕ್ಕಿಂತ ಹೆಚ್ಚಾಗಿ ಈ ಹಂಚಿಕೊಂಡ ಡಿಸ್ಕಿನ ಕೂಸು.

ಬೆಲ್ ಲ್ಯಾಬ್ಸ್‌ನದೇ ಪ್ಲಾನ್ 9 ಎಂಬ ಆಪರೇಟಿಂಗ್ ಸಿಸ್ಟಂ ಈ ಗೋಜಲನ್ನು ಹೆಸರಿನಲ್ಲೇ ಬಿಡಿಸಿತು. ಅಲ್ಲಿ ಪ್ರೊಸೆಸರಿಗೊಂದು ಅಕ್ಷರ ಅಥವಾ ಅಂಕಿ. 386ಕ್ಕೆ ಕಂಪೈಲ್ ಆದದ್ದರ ಬಾಲಕ್ಕೆ 8, ಮಿಪ್ಸ್‌ನದಕ್ಕೆ ವಿ, ಸ್ಪಾರ್ಕ್‌ನದಕ್ಕೆ ಕೆ. ಮೂರೂ ಒಂದೇ ಡೈರೆಕ್ಟರಿಯಲ್ಲಿದ್ದರೂ ಒಂದನ್ನೊಂದು ಅಳಿಸುವುದಿಲ್ಲ.

ಹುಟ್ಟುವಳಿಯ ಮಾತು ಇಷ್ಟಾಯಿತು. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಕೋಡನ್ನು ಎಲ್ಲಿಡುವುದು ಎಂಬುದು ಇದಕ್ಕಿಂತ ಕಠಿಣ. ಫೈಲಿನೊಳಗೇ ‘ಇಫ್‌ಡೆಫ್’ ಷರತ್ತುಗಳನ್ನು ತುರುಕುವುದು ಎಲ್ಲರ ಚಾಳಿಯಾಗಿದ್ದಾಗ, 1992ರ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಹೆನ್ರಿ ಸ್ಪೆನ್ಸರ್ ಮತ್ತು ಜೆಫ್ ಕಾಲಿಯರ್ ಸಿ ನ್ಯೂಸ್ ಎಂಬ ಯೂಸ್‌ನೆಟ್ ಸಾಫ್ಟ್‌ವೇರಿನ ಅನುಭವದ ಬಲದಿಂದ ಅದನ್ನು ಖಂಡಿಸಿದರು. ವ್ಯತ್ಯಾಸಗಳು ಒಂದು ಇಂಟರ್‌ಫೇಸಿನ ಹಿಂದೆ, ಬೇರೆ ಫೈಲುಗಳಲ್ಲಿರಲಿ ಎಂಬುದು ಅವರ ವಾದ.

ಲಿನಕ್ಸ್ ಡೈರೆಕ್ಟರಿಗಳ ಹಾದಿ ಹಿಡಿಯಿತು. 1995ರ ಮಾರ್ಚಿನ 1.2 ಆವೃತ್ತಿಯ ಹೊತ್ತಿಗೆ ಆಲ್ಫಾ, ಮಿಪ್ಸ್, ಸ್ಪಾರ್ಕ್‌ಗಳು ‘ಆರ್ಚ್’ ಡೈರೆಕ್ಟರಿಯಡಿ ಸೇರಿದ್ದವು. ಆದರೆ ಮನೆ ಬೇರೆಯಾದರೆ ನಕಲೂ ಬೆಳೆಯುತ್ತದೆ. 32 ಬಿಟ್‌ನ ಐ386 ಮತ್ತು 64 ಬಿಟ್‌ನ ಎಕ್ಸ್86-64 ಡೈರೆಕ್ಟರಿಗಳಲ್ಲಿ ಒಂದೇ ದೋಷವನ್ನು ಎರಡು ಕಡೆ ತಿದ್ದಬೇಕಾಗುತ್ತಿತ್ತು. 2008ರ ಜನವರಿಯ 2.6.24ರಲ್ಲಿ ಥಾಮಸ್ ಗ್ಲೈಕ್ಸ್‌ನರ್, ಇಂಗೊ ಮೋಲ್ನಾರ್ ಮೊದಲಾದವರು ಎರಡನ್ನೂ ‘ಎಕ್ಸ್86’ ಎಂಬ ಒಂದೇ ಸೂರಿನಡಿ ತಂದರು. ಒಂದೇ ಏಟಿಗೆ ಬೆರೆಸಲಿಲ್ಲ: ಫೈಲುಗಳ ಹೆಸರಿಗೆ 32, 64 ಎಂದು ಬಾಲ ಹಚ್ಚಿ ಅಕ್ಕಪಕ್ಕದಲ್ಲಿಟ್ಟು, ಆಮೇಲೆ ಒಂದೊಂದಾಗಿ ಕೂಡಿಸಿದರು.

2009ರಲ್ಲಿ ಬಂದ ಗೋ ಭಾಷೆ ಇಂಥ ಬಾಲವನ್ನೇ ನಿಯಮವಾಗಿಸಿತು. ಅದರ ಕರ್ತೃಗಳಲ್ಲಿ ಪ್ಲಾನ್ 9ರ ಕೆನ್ ಥಾಮ್ಸನ್, ರಾಬ್ ಪೈಕ್ ಇದ್ದರೆಂಬುದು ಕಾಕತಾಳೀಯವಲ್ಲ. ಫೈಲಿನ ಹೆಸರು ‘ಲಿನಕ್ಸ್’ ಎಂದು ಮುಗಿದರೆ ಅದು ಲಿನಕ್ಸ್‌ಗಷ್ಟೇ ಕಂಪೈಲ್ ಆಗುತ್ತದೆ. ಒಂದೇ ಕೋಡ್ ಎರಡು ಮೂರು ಸಿಸ್ಟಂಗಳಿಗೆ ಹೊಂದುವಂತಿದ್ದರೆ ಹೆಸರು ಸಾಲದು. ಆಗ ಷರತ್ತು ಮತ್ತೆ ಫೈಲಿನೊಳಕ್ಕೇ ಬರುತ್ತದೆ, ಆದರೆ ತಲೆಯಲ್ಲಿ ಒಂದೇ ಸಾಲಾಗಿ.