ಕೊಳವೆಯೊಳಗಿನ ನೀರು: ಹೆಬ್ಬಾಳದಿಂದ ಒಂದು ಸಮೀಕ್ಷೆ

ಮೈಸೂರಿನ ಹೆಬ್ಬಾಳದಲ್ಲಿ ಹಲವು ಮನೆಗಳ ಸಂಪಿಗೆ ಎರಡು ಬಗೆಯ ನೀರು ಇಳಿಯುತ್ತದೆ. ಸರದಿ ಬಂದಾಗ ವಾಲ್ವ್ ತಿರುಗಿಸಿ ಬಿಡುವ ಕಾವೇರಿ ನೀರು ಒಂದು. ಅದು ಸಾಲದಾದಾಗ ತುಂಬಿಸಿಕೊಳ್ಳುವ ಬೋರ್ ನೀರು ಇನ್ನೊಂದು. ಬಡಾವಣೆಯ ಮಗ್ಗುಲಲ್ಲೇ ಕೈಗಾರಿಕಾ ಪ್ರದೇಶವಿದೆ. ಕೊಳಚೆ ತುಂಬಿ ಕೆಟ್ಟಿದ್ದ ಕೆರೆಯೊಂದು ಈಚಿನ ವರ್ಷಗಳಲ್ಲಿ ಇನ್ಫೋಸಿಸ್ ಫೌಂಡೇಶನ್ ನೆರವಿನಿಂದ ಚೇತರಿಸಿಕೊಂಡಿದೆ. ಇಂಥ ಕಡೆ ಮನೆ ಮಾಡಿದವರು ನಲ್ಲಿ ನೀರನ್ನು ಹಾಗೇ ಕುಡಿಯಬಹುದೇ ಎಂದು ಕೇಳುವುದು ಸಹಜ. ಈ ಪ್ರಶ್ನೆಗೆ ವಿಜ್ಞಾನ ಕೊಟ್ಟ ಉತ್ತರ ನೂರೈವತ್ತು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಕಲ್ಮಶವನ್ನು ಮೊದಲು ನದಿಯಲ್ಲಿ ಹುಡುಕುತ್ತಿದ್ದರು, ಆಮೇಲೆ ಶುದ್ಧೀಕರಣ ಘಟಕದಲ್ಲಿ ಹುಡುಕಿದರು. ಈಗ ಹುಡುಕಬೇಕಾದದ್ದು ಘಟಕಕ್ಕೂ ನಮ್ಮ ಲೋಟಕ್ಕೂ ನಡುವಿನ ಕೊಳವೆಯಲ್ಲಿ.

ಮೈಸೂರಿಗೆ ಕಾವೇರಿ ತರುವ ಕನಸು ಹಳೆಯದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ದಿವಾನ್ ಪೂರ್ಣಯ್ಯನವರು ನಾಲೆ ತೋಡಿಸಿದರು, ಕೆಲಸ ಕೈಗೂಡಲಿಲ್ಲ. ವಾಣಿ ವಿಲಾಸ ನೀರು ಸರಬರಾಜು ವ್ಯವಸ್ಥೆ ಆರಂಭವಾದದ್ದು 1896ರಲ್ಲಿ. ಅದಾದ ಸ್ವಲ್ಪದರಲ್ಲೇ ಪ್ಲೇಗ್ ಬಂತು, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು, ನೀರು, ಚರಂಡಿ, ಅಗಲ ರಸ್ತೆ ಎಲ್ಲವೂ ಆರೋಗ್ಯದ ವಿಷಯವಾದವು. ಅಲ್ಲಿಯವರೆಗೆ ನೀರು ತಿಳಿಯಾಗಿದ್ದು ರುಚಿಯಾಗಿದ್ದರೆ ಒಳ್ಳೆಯ ನೀರು ಎಂದೇ ಲೆಕ್ಕ.

ಆ ಲೆಕ್ಕ ತಪ್ಪೆಂದು ಲೋಕಕ್ಕೆ ಕಲಿಸಿದ್ದು ಕಾಲರಾ. ಕಾಲರಾ ನೀರಿನಿಂದ ಹರಡುತ್ತದೆ ಎಂದು 1854ರಲ್ಲಿ ಲಂಡನ್ನಿನ ಒಂದು ಬೀದಿಯ ಪಂಪಿನ ಸುತ್ತ ಸತ್ತವರನ್ನು ನಕಾಶೆಯಲ್ಲಿ ಗುರುತಿಸಿ ಜಾನ್ ಸ್ನೋ ತೋರಿಸಿದ್ದರು. ಆದರೂ ಅನುಮಾನ ಉಳಿದಿತ್ತು. ಅದನ್ನು ಕಳೆದದ್ದು 1892ರ ಹ್ಯಾಂಬರ್ಗ್. ಹ್ಯಾಂಬರ್ಗ್ ಮತ್ತು ಅದಕ್ಕೆ ಅಂಟಿಕೊಂಡ ಆಲ್ಟೋನಾ ಎರಡೂ ಎಲ್ಬೆ ನದಿಯ ನೀರನ್ನೇ ಕುಡಿಯುತ್ತಿದ್ದವು. ಆಲ್ಟೋನಾ ಇದ್ದದ್ದು ನದಿಯ ಕೆಳಭಾಗದಲ್ಲಿ, ಹ್ಯಾಂಬರ್ಗಿನ ಹೊಲಸೆಲ್ಲ ಅದರ ಪಾಲಿಗೆ. ಆದರೆ ಆಲ್ಟೋನಾ ಮರಳಿನ ಹಾಸಿನಲ್ಲಿ ಸೋಸಿ ಕುಡಿಯುತ್ತಿತ್ತು, ಹ್ಯಾಂಬರ್ಗ್ ಸೋಸುತ್ತಿರಲಿಲ್ಲ. ಆ ವರ್ಷ ಹ್ಯಾಂಬರ್ಗಿನಲ್ಲಿ 8,000ಕ್ಕೂ ಹೆಚ್ಚು ಜನ ಸತ್ತರು, ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಅದೇ ದಶಕದಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಸಿಂಧ್‌ನ ಸುಕ್ಕೂರಿನಲ್ಲಿ ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ಇಂಗಿ ಬರುವ ನೀರನ್ನು ಊರಿಗೆ ಎತ್ತಿಸಿದರು. ಶೋಧಕ ಕಟ್ಟಲು ಪುರಸಭೆಯಲ್ಲಿ ದುಡ್ಡಿರಲಿಲ್ಲ, ನದಿಯ ಮರಳೇ ಶೋಧಕವಾಯಿತು. ಕೈಯಲ್ಲಿದ್ದುದರಲ್ಲೇ ದಾರಿ ಹುಡುಕುವ ಆ ಬುದ್ಧಿ ಇವತ್ತಿಗೂ ಬೇಕು.

ಸೋಸಿದ ಮೇಲೂ ಉಳಿಯುವ ರೋಗಾಣುಗಳಿಗೆ ಕ್ಲೋರಿನ್ ಬಂತು. 1908ರಲ್ಲಿ ಅಮೆರಿಕದ ಜೆರ್ಸಿ ಸಿಟಿ ಇಡೀ ಊರಿನ ನೀರಿಗೆ ಅದನ್ನು ನಿರಂತರ ಹಾಕತೊಡಗಿತು. ಟೈಫಾಯ್ಡ್ ತಗ್ಗಿಸುವಲ್ಲಿ ಇದರಷ್ಟು ಅಗ್ಗದ, ಇದರಷ್ಟು ಕೆಲಸ ಮಾಡಿದ ಉಪಾಯ ಇನ್ನೊಂದು ಸಿಗುವುದು ಕಷ್ಟ. ಇಲ್ಲಿ ಮುಖ್ಯವಾದದ್ದು ಹಾಕಿದ ಕ್ಲೋರಿನ್ ಎಷ್ಟು ಎಂಬುದಲ್ಲ, ನಲ್ಲಿಗೆ ಬರುವ ಹೊತ್ತಿಗೆ ಉಳಿದದ್ದು ಎಷ್ಟು ಎಂಬುದು. ಕುಡಿಯುವ ನೀರಿನ ನಮ್ಮ ದೇಶದ ಮಾನಕ ಐಎಸ್ 10500 ಪ್ರಕಾರ ಒಂದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ದಾರಿಯಲ್ಲಿ ಕೊಳಚೆ ಸೇರಿದರೆ ಈ ಉಳಿಕೆ ಅದರೊಂದಿಗೆ ಸೆಣಸಿ ಮುಗಿದುಹೋಗುತ್ತದೆ. ಹಾಗಾಗಿ ಲೈನಿನ ತುದಿಯ ಮನೆಯಲ್ಲಿ ಕ್ಲೋರಿನ್ ಸೊನ್ನೆ ಎಂದರೆ ಮಧ್ಯೆ ಎಲ್ಲೋ ಏನೋ ಆಗಿರಬಹುದು ಎಂಬ ಎಚ್ಚರಿಕೆ.

ರೋಗಾಣು ಪತ್ತೆಗೆ ಪ್ರಯೋಗಾಲಯಗಳು ನೆಚ್ಚಿಕೊಂಡದ್ದು ಇ. ಕೋಲಿಯನ್ನು. ಅದು ಮಲದ ಗುರುತು. 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು. ಆದರೆ ಪ್ರಯೋಗಾಲಯ ಊರೂರಿಗೆ ಎಲ್ಲಿದೆ? ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ಮಂಜ, ಮೌರ್ಯ, ರಾವ್ 1982ರಲ್ಲಿ ಒಂದು ಸರಳ ಪರೀಕ್ಷೆ ಪ್ರಕಟಿಸಿದರು. ಸಣ್ಣ ಬಾಟಲಿ, ಒಳಗೆ ಪೋಷಕ ದ್ರಾವಣದಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿ. ಗೆರೆಯವರೆಗೆ ನೀರು ತುಂಬಿಸಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಇಡಬೇಕು. ಮಲದ ಜತೆ ಬರುವ ಬ್ಯಾಕ್ಟೀರಿಯಾ ಇದ್ದರೆ ಒಂದೆರಡು ದಿನದಲ್ಲಿ ನೀರು ಕಪ್ಪಾಗುತ್ತದೆ. ಕರೆಂಟು ಬೇಡ, ಸೂಕ್ಷ್ಮದರ್ಶಕ ಬೇಡ. ಭಾರತದಿಂದ ಲೋಕಕ್ಕೆ ಹೋದ ಇಂಥ ಕೊಡುಗೆಯನ್ನು ನಮ್ಮ ಶಾಲೆಗಳಲ್ಲಿ ಹೆಸರಿಸಿ ಕಲಿಸಬೇಕಿತ್ತು.

ರಾಸಾಯನಿಕಗಳ ಕತೆ ತಡವಾಗಿ ಶುರುವಾಯಿತು. ಬಾವಿ ನೀರಿನ ನೈಟ್ರೇಟ್‌ನಿಂದ ಹಸುಗೂಸುಗಳ ಮೈ ನೀಲಿಗಟ್ಟುತ್ತದೆ ಎಂಬುದು 1945ರಲ್ಲಿ ವರದಿಯಾಯಿತು. ಕೊಳಚೆ ಮತ್ತು ರಸಗೊಬ್ಬರ ಇಂಗಿದ ಕಡೆಯೆಲ್ಲ ನೈಟ್ರೇಟ್ ಅಂತರ್ಜಲಕ್ಕೆ ಇಳಿಯುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಇದನ್ನು ಬೋರ್ ನೀರು ಕುಡಿಯುವವರು ಮನಸ್ಸಿನಲ್ಲಿಡಬೇಕು. ಕ್ಲೋರಿನ್ನೇ ಎಲೆಕೊಳೆಯಂಥ ಸಾವಯವ ವಸ್ತುವಿನೊಂದಿಗೆ ಕೂಡಿ ಹಾನಿಕರ ಸಂಯುಕ್ತಗಳನ್ನು ಹುಟ್ಟಿಸುತ್ತದೆ ಎಂದು 1974ರಲ್ಲಿ ರಾಟರ್‌ಡ್ಯಾಮಿನ ರೂಕ್ ತೋರಿಸಿದರು. ಕ್ಲೋರಿನ್ ಬಿಡುವುದು ಇದಕ್ಕೆ ಮದ್ದಲ್ಲ, ಅದನ್ನು ಹಾಕುವ ಮುಂಚೆ ಆಲಂ ಹಾಕಿ ಚೆನ್ನಾಗಿ ಸೋಸುವುದು ಮದ್ದು. ನಮ್ಮ ಐಎಸ್ 10500 ಬಂದದ್ದು 1983ರಲ್ಲಿ. 1991 ಮತ್ತು 2012ರಲ್ಲಿ ಪರಿಷ್ಕರಣೆಯಾಯಿತು. ಈಗ ಅದರಲ್ಲಿ ಲೀಟರಿಗೆ ನೈಟ್ರೇಟ್ 45, ಸೀಸ 0.01, ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ ಮಿತಿ. ಎಲೆಕ್ಟ್ರೋಪ್ಲೇಟಿಂಗ್‌ನಲ್ಲಿ ಬಳಸುವ ಕ್ರೋಮಿಯಂ ಮಣ್ಣಿಗೆ ಇಂಗಿದರೆ ವರ್ಷಗಟ್ಟಲೆ ಅಲ್ಲೇ ನೆಲೆಸುತ್ತದೆ. ಆದ್ದರಿಂದ ಕೈಗಾರಿಕಾ ಪ್ರದೇಶದ ಹತ್ತಿರದ ಬೋರ್ ನೀರನ್ನು ಗಡಸುತನ ನೋಡಿ ಬಿಟ್ಟರೆ ಸಾಲದು, ಲೋಹಗಳ ಪರೀಕ್ಷೆಯೂ ಆಗಬೇಕು.

ಈ ಶತಮಾನದಲ್ಲಿ ನಮ್ಮನ್ನು ಹೆಚ್ಚು ಎಚ್ಚರಿಸಿದ ಅಧ್ಯಯನ ನಡೆದದ್ದು ಹುಬ್ಬಳ್ಳಿ-ಧಾರವಾಡದಲ್ಲಿ. ಅಲ್ಲಿ ಆಗ ಕೆಲವು ವಾರ್ಡುಗಳಿಗೆ ದಿನವಿಡೀ ನೀರು, ಉಳಿದವಕ್ಕೆ ಕೆಲವು ದಿನಗಳಿಗೊಮ್ಮೆ. ನೀರಿನ ಮೂಲ ಒಂದೇ ಆದರೂ ಬಿಡುವ ಬಗೆ ಬೇರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿರಂತರ ನೀರಿನ ನಲ್ಲಿಗಳ ಮಾದರಿಗಳಲ್ಲಿ ಶೇ. 0.7ರಷ್ಟರಲ್ಲಿ ಇ. ಕೋಲಿ ಇತ್ತು, ಸರದಿ ನೀರಿನಲ್ಲಿ ಶೇ. 31.7ರಷ್ಟರಲ್ಲಿ. ಕಾರಣ ಸರಳ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ, ಹೊರಗಿನ ತೇವ, ಪಕ್ಕದ ಒಳಚರಂಡಿಯ (ಯುಜಿಡಿ) ಸೋರಿಕೆ, ಗುಂಡಿಯ ನೀರು ಬಿರುಕಿನಿಂದ ಒಳಗೆ ನುಗ್ಗುತ್ತದೆ. ಮೋಟಾರು ಇಟ್ಟು ಲೈನಿನಿಂದಲೇ ಎಳೆದರೆ ಒಳಹರಿವು ಇನ್ನಷ್ಟು. ನೀರು ಬಿಟ್ಟಾಗ ಮೊದಲ ಅಲೆಯಲ್ಲೇ ಈ ಕೊಳೆ ಮನೆಗೆ ಬರುತ್ತದೆ.

ಇದಕ್ಕೆ ತೆತ್ತ ಬೆಲೆ ನಮ್ಮ ಕಣ್ಣ ಮುಂದಿದೆ. 2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ, 2024ರ ಮೇನಲ್ಲಿ ಮೈಸೂರಿನ ಪಕ್ಕದ ಕೆ. ಸಾಲುಂಡಿ, ಮೂರೂ ಕಡೆ ಕಲುಷಿತ ನೀರಿನಿಂದ ವಾಂತಿಭೇದಿ ಹರಡಿತು, ಜೀವ ಹೋಯಿತು. ಮೈಸೂರಿನಲ್ಲಿ ನಿರಂತರ ನೀರಿನ ಆಸೆಯಿಂದ 2008ರಲ್ಲಿ ಜಸ್ಕೋ ಕಂಪನಿಗೆ ಗುತ್ತಿಗೆ ಕೊಟ್ಟರೂ ಇಡೀ ನಗರಕ್ಕೆ ಅದು ದಕ್ಕಲಿಲ್ಲ. 2021ರಲ್ಲಿ ಒಡಿಶಾದ ಪುರಿ ನಲ್ಲಿಯಿಂದಲೇ ಕುಡಿಯಬಹುದಾದ ನೀರನ್ನು ದಿನವಿಡೀ ಕೊಡತೊಡಗಿತು. ಪುರಿಗೆ ಸಾಧ್ಯವಾದದ್ದು ಮೈಸೂರಿಗೆ ಯಾಕೆ ಸಾಧ್ಯವಾಗಬಾರದು?

ಈ ನಡುವೆ ಮನೆಮನೆಗೂ ಆರ್‌ಒ ಬಂದು ಕೂತಿದೆ. ಕಾವೇರಿ ನೀರಿನಲ್ಲಿ ಕರಗಿದ ಲವಣಗಳು ಲೀಟರಿಗೆ 500 ಮಿಲಿಗ್ರಾಮಿಗೆ ಬಹಳ ಕೆಳಗೇ ಇರುತ್ತವೆ. ಇಂಥ ನೀರಿಗೆ ಆರ್‌ಒ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಒಳ್ಳೆಯ ಲವಣವನ್ನೂ ತೆಗೆದು, ಬಕೆಟ್ಟುಗಟ್ಟಲೆ ನೀರನ್ನು ಚರಂಡಿಗೆ ಬಿಡುವ ಯಂತ್ರಕ್ಕೆ ಬಡ ಮನೆಗಳೂ ಸಾಲ ಮಾಡುತ್ತಿರುವುದು ನನಗೆ ನೋವಿನ ವಿಷಯ.

ನನ್ನ ಲೆಕ್ಕದಲ್ಲಿ ಸರಿಯಾಗಿ ಶುದ್ಧೀಕರಿಸಿದ ಕಾವೇರಿ ನೀರು ಘಟಕದ ಬಾಗಿಲಲ್ಲಿ ಕುಡಿಯಲು ಯೋಗ್ಯ. ಅಪಾಯ ಇರುವುದು ಪೈಪಿನಲ್ಲಿ, ಸಂಪಿನಲ್ಲಿ. ಹಾಗಾಗಿ ವಾಣಿ ವಿಲಾಸ ವಿಭಾಗ ಪ್ರತಿ ಬಡಾವಣೆಯ ಲೈನಿನ ತುದಿಯ ನಲ್ಲಿಯಲ್ಲಿ ಕ್ಲೋರಿನ್ ಉಳಿಕೆ, ಇ. ಕೋಲಿ ಅಳೆದು ಬೀದಿವಾರು ಪಟ್ಟಿಯನ್ನು ವಾರವಾರ ಜನರ ಮುಂದಿಡಬೇಕು. ಹೆಬ್ಬಾಳದವರು ಕೇಳಬೇಕಾದ್ದು ಅದನ್ನೇ. ಅಲ್ಲಿಯವರೆಗೆ ನೀರು ಬಿಟ್ಟ ಮೊದಲ ಕೆಲವು ನಿಮಿಷದ ನೀರನ್ನು ಗಿಡಕ್ಕೆ ಹಾಕಿ, ಸಂಪನ್ನು ಆಗಾಗ ತೊಳೆಸಿ, ಕುಡಿಯುವ ನೀರಿಗೆ ಬೋರ್ ನೀರು ಬೆರೆಸಬೇಡಿ. ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ ಆರಿಸಿದ ನೀರನ್ನೇ ಮಕ್ಕಳಿಗೆ, ವಯಸ್ಸಾದವರಿಗೆ ಕೊಡಿ. ಬೋರ್ ನೀರೇ ಗತಿಯಾದ ಮನೆಯವರು ನೈಟ್ರೇಟ್, ಫ್ಲೋರೈಡ್, ಲೋಹಗಳಿಗೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ ಮೇಲೆಯೇ ಕುಡಿಯಲು ಬಳಸಿ.